ಬರಹಕ್ಕಿಳಿಯದ ಆದೇಶ: ಹುಣಸೂರು ಉಪವಿಭಾಗದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಶಿಸ್ತು, ದೂರು ಮತ್ತು ಮೇಲ್ಮನವಿ

ವಿದ್ಯಾರ್ಥಿಯ ನಡತೆಯ ಬಗ್ಗೆ ಕಾಲೇಜು ಕೈಗೊಳ್ಳುವ ಕ್ರಮ, ಕಾಲೇಜಿನ ಬಗ್ಗೆ ವಿದ್ಯಾರ್ಥಿ ಕೊಡುವ ದೂರು, ಎರಡರ ಮೇಲೂ ಸಲ್ಲಿಸಬಹುದಾದ ಮೇಲ್ಮನವಿ ಇವು ಒಂದೇ ವ್ಯವಸ್ಥೆಯ ಭಾಗಗಳು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಅನ್ವಯಿಸುವ ನಿಯಮಗಳಿಗೆ ಕೊರತೆಯೇನೂ ಇಲ್ಲ. ಕೇಂದ್ರದ ವಿನಿಯಮಗಳು, ರಾಜ್ಯದ ಕಾಯ್ದೆಗಳು, ವಿಶ್ವವಿದ್ಯಾನಿಲಯದ ಪರೀಕ್ಷಾ ನಿಯಮಗಳು, ಇಲಾಖೆಯ ಸುತ್ತೋಲೆಗಳು ಒಂದರ ಮೇಲೊಂದು ಬಂದು ಕೂತಿವೆ. ಕೊರತೆ ಇರುವುದು ಮೊದಲ ಮೆಟ್ಟಿಲಿನಲ್ಲಿ. ದೂರು ಕೈಸೇರಿದೆ ಎಂಬ ಸ್ವೀಕೃತಿ, ಹೀಗೆ ತೀರ್ಮಾನಿಸಲಾಗಿದೆ ಎಂಬ ಕಾರಣಸಹಿತ ಲಿಖಿತ ಆದೇಶ ಎಂಬ ಎರಡು ಕಾಗದಗಳು ಹುಟ್ಟದಿದ್ದರೆ ಮೇಲಿನ ಯಾವ ಹಂತವೂ ತೆರೆಯುವುದಿಲ್ಲ. ಮೇಲ್ಮನವಿಗೆ ಅವಧಿ ಗೊತ್ತುಮಾಡಿರುವಲ್ಲಿ ಅದರ ಎಣಿಕೆ ತೀರ್ಮಾನದ ಅಥವಾ ಅದು ಕೈಸೇರಿದ ದಿನದಿಂದ. ಬಾಯಿಮಾತಿನ ಆದೇಶಕ್ಕೆ ಅಂಥ ದಿನವೇ ಇರುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳು ಕಂದಾಯ ಆಡಳಿತದಲ್ಲಿ ಹುಣಸೂರು ಉಪವಿಭಾಗಕ್ಕೆ ಸೇರಿವೆ. ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕುಗಳಾಗಿವೆ. ಹುಣಸೂರಿನ ಡಿ. ದೇವರಾಜ ಅರಸು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ, ಆ ಕ್ಷೇತ್ರವನ್ನು ಪ್ರತಿನಿಧಿಸಿ ಮುಖ್ಯಮಂತ್ರಿಯಾದ ಅರಸು ಅವರ ಹೆಸರಿದೆ. ಪಟ್ಟಣದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸರ್ಕಾರಿ ಪದವಿ ಕಾಲೇಜೂ ಇದೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಪಟ್ಟಣಗಳಲ್ಲೂ ಸರ್ಕಾರಿ ಪದವಿ ಕಾಲೇಜುಗಳಿವೆ. ನೆರೆಯ ಜಿಲ್ಲೆಗಳಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯಗಳು ಬಂದ ಮೇಲೂ ಈ ಕಾಲೇಜುಗಳು 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಸಂಯೋಜಿತವಾಗಿ ಉಳಿದಿವೆ. ಪಠ್ಯ, ಪರೀಕ್ಷೆ, ಫಲಿತಾಂಶ ವಿಶ್ವವಿದ್ಯಾನಿಲಯದ ಕೈಯಲ್ಲಿ. ಅಧ್ಯಾಪಕರ ನೇಮಕ, ವರ್ಗಾವಣೆ, ಶಿಸ್ತು ಕ್ರಮ ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಕೈಯಲ್ಲಿ. ಈ ಇಬ್ಬರು ಯಜಮಾನರ ನಡುವೆ ಪ್ರಾಂಶುಪಾಲರು ನಿಂತಿರುತ್ತಾರೆ. ದೂರು ಯಾವ ದಾರಿಯಲ್ಲಿ ಹೋಗಬೇಕೆಂಬ ಗೊಂದಲದ ಬಹುಪಾಲು ಈ ಇಬ್ಬಗೆಯಿಂದಲೇ ಹುಟ್ಟುತ್ತದೆ.

ನಿಯಮಗಳು ಮತ್ತು ಅವುಗಳ ಒಡೆಯರು

ರಾಜ್ಯದ ಮಟ್ಟದಲ್ಲಿ ಎರಡು ಕಾಯ್ದೆಗಳು ಮುಖ್ಯ. ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ, 2000 ಕುಲಪತಿ, ಸಿಂಡಿಕೇಟ್, ಕುಲಸಚಿವರ ಅಧಿಕಾರಗಳನ್ನು ಗೊತ್ತುಪಡಿಸುತ್ತದೆ. ಕರ್ನಾಟಕ ಶಿಕ್ಷಣ ಅಧಿನಿಯಮ, 1983 ರ‍್ಯಾಗಿಂಗನ್ನು ಅಪರಾಧವೆಂದು ಸಾರಿ, ಅದಕ್ಕೆ ಒಂದು ವರ್ಷದವರೆಗಿನ ಸೆರೆವಾಸ ಅಥವಾ 2,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಇವುಗಳ ಮೇಲೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಕಾಲಕಾಲಕ್ಕೆ ಹೊರಡಿಸಿದ ವಿನಿಯಮಗಳಿವೆ: ರ‍್ಯಾಗಿಂಗ್ ತಡೆಗೆ 2009ರದು, ತಾರತಮ್ಯ ತಡೆಗೆ 2012ರದು, ಲೈಂಗಿಕ ಕಿರುಕುಳದ ತಡೆಗೆ 2015ರದು, ಸಾಮಾನ್ಯ ಕುಂದುಕೊರತೆಗಳಿಗೆ 2023ರದು. ಒಂದೊಂದಕ್ಕೂ ಬೇರೆ ಸಮಿತಿ, ಬೇರೆ ಗಡುವು, ಬೇರೆ ಮೇಲ್ಮನವಿ ಪ್ರಾಧಿಕಾರ. ವಕೀಲರಿಗೂ ಒಮ್ಮೆಲೇ ನೆನಪಿಗೆ ಬಾರದ ಈ ಹಂಚಿಕೆಯನ್ನು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯೊಬ್ಬಳು ತಾನಾಗಿ ಬಿಡಿಸಿಕೊಳ್ಳಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ.

ಕಾಲೇಜಿನೊಳಗಿನ ದಿನನಿತ್ಯದ ನಿಯಮಗಳಿಗೆ ಇನ್ನೊಂದು ಮೂಲವಿದೆ. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ. ಅದರ ಅಧ್ಯಕ್ಷರು ಸ್ಥಳೀಯ ಶಾಸಕರು. ಕಟ್ಟಡ, ಕುಡಿಯುವ ನೀರು, ಶೌಚಾಲಯ, ಪೀಠೋಪಕರಣದ ವಿಷಯದಲ್ಲಿ ಈ ಸಮಿತಿಯ ಉಪಯೋಗ ದೊಡ್ಡದು. ಸಮವಸ್ತ್ರದಂಥ ನಡತೆಯ ಪ್ರಶ್ನೆಗಳೂ ಇಂಥ ಸಮಿತಿಗಳ ಮುಂದೆ ಬರುತ್ತವೆ. 2022ರ ಫೆಬ್ರುವರಿ 5ರ ಸರ್ಕಾರಿ ಆದೇಶ, ಅದೇ ವರ್ಷದ ಮಾರ್ಚ್ 15ರಂದು ಹೈಕೋರ್ಟ್ ಕೊಟ್ಟ ಹಿಜಾಬ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ನೀಡಿದ ಭಿನ್ನ ತೀರ್ಪುಗಳು ಇಂಥ ಸಮಿತಿಗಳ ಅಧಿಕಾರದ ಎಲ್ಲೆಯನ್ನು ರಾಷ್ಟ್ರಮಟ್ಟದ ಚರ್ಚೆಗೆ ತಂದವು. ಊರಿನವರ ಕಣ್ಣಿಗೆ ಸಮಿತಿಯ ಪರಿಣಾಮ ಬೇರೆಯೇ ಆಗಿ ಕಾಣುತ್ತದೆ. ಕಾಲೇಜಿನ ಮೇಲೆ ದೂರಿದ್ದರೆ ಪೋಷಕರು ಮೊದಲು ನೆನೆಯುವುದು ಶಾಸಕರನ್ನು ಅಥವಾ ಅವರಿಗೆ ಹತ್ತಿರದ ಮುಖಂಡರನ್ನು. ಫೋನಿನಲ್ಲಿ ಎಷ್ಟೋ ಕೆಲಸ ಬೇಗ ಆಗುತ್ತದೆ ಎಂಬುದು ನಿಜ. ಆದರೆ ಹಾಗೆ ಬಗೆಹರಿದ ದೂರು ಯಾವ ಕಡತದಲ್ಲೂ ಇರುವುದಿಲ್ಲ. ಮುಂದಿನ ವರ್ಷ ಅದೇ ತೊಂದರೆಗೆ ಸಿಕ್ಕವರಿಗೆ ಅದರಿಂದ ಯಾವ ಆಧಾರವೂ ಸಿಗುವುದಿಲ್ಲ.

ಪೋಷಕರನ್ನು ಕರೆದುಕೊಂಡು ಬಾ

ಗ್ರಾಮಾಂತರ ಪದವಿ ಕಾಲೇಜುಗಳಲ್ಲಿ ಶಿಸ್ತು ಕ್ರಮದ ರೂಢಿಯ ರೂಪ ಎಲ್ಲರಿಗೂ ಪರಿಚಿತ. ಜಗಳವಾಯಿತು, ತರಗತಿಯಲ್ಲಿ ಎದುರು ಮಾತನಾಡಿದ, ಮೊಬೈಲಿನಲ್ಲಿ ವಿಡಿಯೊ ಮಾಡಿದ ಎಂಬ ಮಾತು ಪ್ರಾಂಶುಪಾಲರ ಕೊಠಡಿ ತಲುಪುತ್ತದೆ. ಗುರುತಿನ ಚೀಟಿ ಕಿತ್ತುಕೊಳ್ಳಲಾಗುತ್ತದೆ. ನಾಳೆ ಅಪ್ಪನನ್ನು ಕರೆದುಕೊಂಡು ಬಂದರೆ ಮಾತ್ರ ತರಗತಿ ಎಂದು ಹೇಳಲಾಗುತ್ತದೆ. ಮರುದಿನ ತಂದೆ ಕೈಕಟ್ಟಿ ನಿಂತಿರುವಾಗ ವಿದ್ಯಾರ್ಥಿ ಬಿಳಿ ಹಾಳೆಯ ಮೇಲೆ ತಪ್ಪೊಪ್ಪಿಗೆ ಪತ್ರ ಬರೆಯುತ್ತಾನೆ: ಇನ್ನು ಮುಂದೆ ಇಂಥ ತಪ್ಪು ಮಾಡುವುದಿಲ್ಲ, ಮಾಡಿದರೆ ಕಾಲೇಜಿನಿಂದ ತೆಗೆದುಹಾಕಬಹುದು. ಕೆಳಗೆ ಇಬ್ಬರ ಸಹಿ. ಪತ್ರ ಕಡತಕ್ಕೆ ಸೇರುತ್ತದೆ.

ಇದರಲ್ಲಿ ಕರುಣೆಯೂ ಇದೆ, ದೋಷವೂ ಇದೆ. ಹದಿನೆಂಟರ ಹುಡುಗನ ಹೆಸರಿಗೆ ದೊಡ್ಡ ಶಿಕ್ಷೆ ಅಂಟದಂತೆ ವಿಷಯ ಮುಗಿಯುವುದು ಅಧ್ಯಾಪಕರ ಅಂತಃಕರಣದಿಂದಲೇ. ದೋಷವೇನೆಂದರೆ, ಆ ಪತ್ರ ವಿಚಾರಣೆಯೇ ನಡೆಯದೆ ಬಂದ ತಪ್ಪೊಪ್ಪಿಗೆ. ಆರೋಪ ಏನು, ಯಾರು ಹೇಳಿದರು, ವಿದ್ಯಾರ್ಥಿಯ ಉತ್ತರವೇನು ಎಂಬುದು ಎಲ್ಲೂ ಬರಹಕ್ಕೆ ಇಳಿಯುವುದಿಲ್ಲ. ಮುಂದೊಮ್ಮೆ ಇನ್ನೊಂದು ಗಲಾಟೆಯಾದಾಗ ಹಳೆಯ ಪತ್ರ ಹೊರಬರುತ್ತದೆ, ಈತ ಮೊದಲೇ ಒಪ್ಪಿಕೊಂಡವನು ಎಂಬ ಸಾಕ್ಷ್ಯವಾಗುತ್ತದೆ. ವರ್ಗಾವಣೆ ಪತ್ರದ ನಡತೆಯ ಕಲಮಿನಲ್ಲಿ ಏನು ಬರೆಯಬೇಕೆಂಬುದನ್ನೂ ಅದು ನಿರ್ಧರಿಸಬಹುದು. ಅಂದು ಬಂದ ತಂದೆ ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾನೆ. ಶಿಕ್ಷೆಯ ಒಂದು ಪಾಲು ಅವನ ಮೇಲೆ ಆಗಲೇ ಬಿದ್ದಿರುತ್ತದೆ.

ನ್ಯಾಯಾಲಯಗಳು ಇಲ್ಲಿ ಬೇಡುವುದು ತೀರ ಸರಳವಾದದ್ದು. 1962ರಲ್ಲಿ ಉತ್ತರ ಪ್ರದೇಶದ ಪರೀಕ್ಷಾ ಮಂಡಳಿ ಮತ್ತು ಘನಶ್ಯಾಮ ದಾಸ್ ಗುಪ್ತ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಕಲು ಮಾಡಿದರೆಂದು ಫಲಿತಾಂಶ ರದ್ದು ಮಾಡುವ ಸಮಿತಿ ವಿದ್ಯಾರ್ಥಿಗಳ ಮಾತನ್ನು ಕೇಳಲೇಬೇಕು ಎಂದಿತು. 1970ರ ಬಿಹಾರ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ, ಒಂದು ಕೇಂದ್ರದಲ್ಲೇ ಸಾಮೂಹಿಕ ನಕಲು ನಡೆದಾಗ ಪ್ರತಿಯೊಬ್ಬರಿಗೂ ಬೇರೆಬೇರೆ ನೋಟಿಸ್ ಬೇಕಿಲ್ಲ ಎಂದೂ ಹೇಳಿತು. ಹೆಚ್ಚು ಕಲಿಯಬೇಕಾದದ್ದು 1973ರ ಹೀರಾನಾಥ ಮಿಶ್ರ ಪ್ರಕರಣದಿಂದ. ರಾಂಚಿಯ ರಾಜೇಂದ್ರ ವೈದ್ಯಕೀಯ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿಗಳು ರಾತ್ರಿ ಹುಡುಗಿಯರ ಹಾಸ್ಟೆಲ್ ಆವರಣಕ್ಕೆ ನುಗ್ಗಿ ಅಸಭ್ಯವಾಗಿ ವರ್ತಿಸಿದರೆಂಬ ದೂರು ಬಂತು. ಪ್ರಾಂಶುಪಾಲರು ಮೂವರು ಅಧ್ಯಾಪಕರ ಸಮಿತಿ ನೇಮಿಸಿದರು. ಹುಡುಗಿಯರ ಹೇಳಿಕೆಗಳನ್ನು ಆರೋಪಿತರ ಬೆನ್ನ ಹಿಂದೆ ಪಡೆಯಲಾಯಿತು. ಆರೋಪಿತರ ಫೋಟೊಗಳನ್ನು ಇತರರ ಫೋಟೊಗಳೊಂದಿಗೆ ಬೆರೆಸಿ ಗುರುತು ಹಿಡಿಸಲಾಯಿತು. ಆರೋಪವನ್ನು ಲಿಖಿತವಾಗಿ ತಿಳಿಸಿ, ಉತ್ತರ ಪಡೆದು, ಎರಡು ಶೈಕ್ಷಣಿಕ ವರ್ಷಗಳ ಮಟ್ಟಿಗೆ ಹೊರಹಾಕಲಾಯಿತು. ಸಾಕ್ಷಿಗಳನ್ನು ಎದುರಿಗೆ ನಿಲ್ಲಿಸಿ ಪಾಟೀಸವಾಲು ಮಾಡಿಸದಿದ್ದರೂ ಇದು ನ್ಯಾಯಸಮ್ಮತವೇ ಎಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಹಜ ನ್ಯಾಯವೆಂದರೆ ಕಾಲೇಜನ್ನು ಕೋರ್ಟ್ ಮಾಡುವುದಲ್ಲ. ಆರೋಪ ತಿಳಿಸುವುದು, ಉತ್ತರಕ್ಕೆ ಕಾಲ ಕೊಡುವುದು, ಪೂರ್ವಗ್ರಹವಿಲ್ಲದವರು ತೀರ್ಮಾನಿಸುವುದು, ತೀರ್ಮಾನವನ್ನು ಕಾರಣ ಕೊಟ್ಟು ಬರೆಯುವುದು ಇಷ್ಟಾದರೆ ಸಾಕು. ತಾಲ್ಲೂಕು ಕಾಲೇಜಿಗೆ ಇದು ಎರಡು ಹಾಳೆಯ ಕೆಲಸ. ದೂರು ಕೊಟ್ಟ ಹುಡುಗಿಯ ಹೆಸರು ಪಟ್ಟಣದಲ್ಲೆಲ್ಲ ಹರಡದಂತೆ ಕಾಯುವ ದಾರಿಯೂ ಈ ತೀರ್ಪಿನಲ್ಲೇ ಇದೆ.

ಹಾಜರಾತಿ

ಶಿಸ್ತಿನ ದೊಡ್ಡ ಗಲಾಟೆಗಳಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ಮುಟ್ಟುವ ವಿಷಯ ಹಾಜರಾತಿ. ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ಶೇ 75ರ ಹಾಜರಾತಿ ಬೇಕು. ನಗರದ ಕಾಲೇಜಿನಲ್ಲಿ ಇದು ನಡತೆಯ ಅಳತೆಯಾಗಬಹುದು. ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಬಹುಮಟ್ಟಿಗೆ ಬೇಸಾಯದ ಮತ್ತು ಬಸ್ಸಿನ ಅಳತೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಮತ್ತು ಕೆ.ಆರ್. ನಗರದ ಒಂದು ಭಾಗ ವರ್ಜೀನಿಯಾ ತಂಬಾಕಿನ ಸೀಮೆ. ಮೇ, ಜೂನ್‌ನಲ್ಲಿ ನಾಟಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಲೆ ಬಿಡಿಸುವ, ಬ್ಯಾರನ್‌ನಲ್ಲಿ ಹದಗೊಳಿಸುವ ಕೆಲಸ. ಬ್ಯಾರನ್‌ಗೆ ಸೊಪ್ಪು ತುಂಬಿ ಬೆಂಕಿ ಹಾಕಿದ ಮೇಲೆ ಸುಮಾರು ಐದಾರು ದಿನ ಹಗಲೂ ರಾತ್ರಿ ಉರಿ ಕಾಯಬೇಕು. ಶಾಖ ಏರುಪೇರಾದರೆ ಎಲೆಯ ಬಣ್ಣ ಕೆಟ್ಟು ಹರಾಜು ಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಆಳು ಸಿಗದ, ಸಿಕ್ಕರೂ ಕೂಲಿ ಕೈಗೆಟುಕದ ಮನೆಗಳಲ್ಲಿ ರಾತ್ರಿಯ ಪಾಳಿ ಓದುವ ಮಗನದು. ಬೆಳಗಿನ ಮೊದಲ ತರಗತಿಗೆ ಆತ ಬಾರದಿರುವುದು ಉದಾಸೀನದಿಂದಲ್ಲ. ಕಾವೇರಿ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಕೆ.ಆರ್. ನಗರದಲ್ಲಿ ನಾಟಿ ಮತ್ತು ಕೊಯ್ಲಿನ ವಾರಗಳು ಇದೇ ಕೆಲಸ ಮಾಡುತ್ತವೆ. ಎಚ್.ಡಿ. ಕೋಟೆಯ, ಹುಣಸೂರು ಮತ್ತು ಪಿರಿಯಾಪಟ್ಟಣದ ನಾಗರಹೊಳೆ ಅಂಚಿನ ಹಾಡಿಗಳಿಂದ ಬರುವ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯದ ಮಕ್ಕಳದು ಇನ್ನೂ ಕಷ್ಟದ ದಾರಿ: ಆನೆ ಓಡಾಡುವ ಕಾಡಂಚು, ದಿನಕ್ಕೆ ಕೆಲವೇ ಬಾರಿ ಬರುವ ಬಸ್ಸು. ಹಾಡಿಯ ಹೆಣ್ಣುಮಗಳೊಬ್ಬಳು ಸಂಜೆಯ ಕೊನೆಯ ತರಗತಿ ಬಿಟ್ಟು ಬಸ್ ಹಿಡಿದರೆ ಅದನ್ನು ಅಶಿಸ್ತಿನ ಪಟ್ಟಿಗೆ ಸೇರಿಸುವುದು ಎಷ್ಟು ಸರಿ?

ನಿಯಮ ತಪ್ಪಲ್ಲ, ಅದನ್ನು ಅನ್ವಯಿಸುವ ಕ್ರಮದಲ್ಲಿ ದಾರಿ ಕಾಣಬೇಕು. ಹಾಜರಾತಿ ಕೊರತೆಯ ಪಟ್ಟಿ ಸೆಮಿಸ್ಟರ್ ಕೊನೆಯಲ್ಲಿ, ಪರೀಕ್ಷಾ ಅರ್ಜಿ ತುಂಬುವ ವಾರದಲ್ಲಿ ಸೂಚನಾ ಫಲಕಕ್ಕೆ ಬಂದರೆ ವಿದ್ಯಾರ್ಥಿಯ ವಿವರಣೆಗೆ ಸಮಯವೇ ಇರುವುದಿಲ್ಲ. ತಿಂಗಳಿಗೊಮ್ಮೆ ಪಟ್ಟಿ ಹಾಕುವುದು, ಕೊರತೆಯವರಿಗೆ ಕಾರಣ ಕೇಳಿ ಚೀಟಿ ಕೊಡುವುದು, ಬಂದ ಉತ್ತರದ ಮೇಲೆ ಪ್ರಾಂಶುಪಾಲರು ಷರಾ ಬರೆದು ಸಹಿ ಮಾಡುವುದು ಇವಕ್ಕೆ ಹೊಸ ಕಾನೂನು ಬೇಕಿಲ್ಲ. ಪರೀಕ್ಷೆಗೆ ಪ್ರವೇಶ ನಿರಾಕರಿಸುವುದು ಇಡೀ ಸೆಮಿಸ್ಟರನ್ನು ಕಳೆಯುವ ತೀರ್ಮಾನ. ಅದಕ್ಕೆ ಲಿಖಿತ ಆದೇಶದ ಆಧಾರ ಇರಲೇಬೇಕು.

ದೂರು ಕೊಡುವವರು, ಕೇಳುವವರು

2023ರ ಏಪ್ರಿಲ್ 11ರಂದು ಪ್ರಕಟವಾದ ಯುಜಿಸಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ವಿನಿಯಮಗಳು 2019ರ ವಿನಿಯಮಗಳ ಜಾಗಕ್ಕೆ ಬಂದವು. ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು, ನಾಲ್ವರು ಪ್ರಾಧ್ಯಾಪಕರು ಅಥವಾ ಹಿರಿಯ ಅಧ್ಯಾಪಕರು ಸದಸ್ಯರು. ಇವರಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಆಗಿರಬೇಕು. ಓದು, ಕ್ರೀಡೆ ಅಥವಾ ಪಠ್ಯೇತರ ಸಾಧನೆಯ ಆಧಾರದ ಮೇಲೆ ನಾಮಕರಣಗೊಂಡ ವಿದ್ಯಾರ್ಥಿಯೊಬ್ಬರು ವಿಶೇಷ ಆಹ್ವಾನಿತರು. ಸದಸ್ಯರ ಅವಧಿ ಎರಡು ವರ್ಷ. ದೂರು ತಲುಪಿದ 15 ಕೆಲಸದ ದಿನಗಳೊಳಗೆ ಶಿಫಾರಸು ಸಹಿತ ವರದಿಯನ್ನು ಸಂಸ್ಥೆಯ ಅಧಿಕಾರಿಗೆ ಒಪ್ಪಿಸಿ, ಪ್ರತಿಯನ್ನು ದೂರುದಾರರಿಗೂ ಕೊಡಬೇಕು. ಪ್ರವೇಶದಲ್ಲಿ ಮೀಸಲಾತಿಯ ಉಲ್ಲಂಘನೆ, ನಿಗದಿಗಿಂತ ಹೆಚ್ಚು ಹಣದ ಬೇಡಿಕೆ, ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವುದು, ವಿದ್ಯಾರ್ಥಿವೇತನದ ವಿಳಂಬ, ಅಪಾರದರ್ಶಕ ಮೌಲ್ಯಮಾಪನ, ತಾರತಮ್ಯ ಇವೆಲ್ಲ ದೂರಿನ ವ್ಯಾಪ್ತಿಗೆ ಬರುತ್ತವೆ.

ಈ ರಚನೆಯನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ವಿಶ್ವವಿದ್ಯಾನಿಲಯದ ಆವರಣ. ತಾಲ್ಲೂಕು ಕಾಲೇಜಿನಲ್ಲಿ ಪ್ರಾಧ್ಯಾಪಕ ಹುದ್ದೆಯವರು ವಿರಳ. ತರಗತಿಗಳ ದೊಡ್ಡ ಭಾರ ಹೊತ್ತಿರುವವರು ಅತಿಥಿ ಉಪನ್ಯಾಸಕರು. ಸೇವಾ ಭದ್ರತೆಗಾಗಿ ಅವರು ರಾಜ್ಯದಾದ್ಯಂತ 2023ರ ಕೊನೆಯಲ್ಲಿ ದೀರ್ಘ ಮುಷ್ಕರ ನಡೆಸಿದ್ದು ಎಲ್ಲರಿಗೂ ನೆನಪಿದೆ. ಕಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟಿರುವಲ್ಲಿ ಅದೇ ಐದಾರು ಹೆಸರುಗಳು ಕುಂದುಕೊರತೆ ಸಮಿತಿ, ರ‍್ಯಾಗಿಂಗ್ ತಡೆ ಸಮಿತಿ, ಆಂತರಿಕ ದೂರು ಸಮಿತಿ, ಪರೀಕ್ಷಾ ಸಮಿತಿ ಎಲ್ಲದರಲ್ಲೂ ಕಾಣುತ್ತವೆ. ಯಾರ ಮೇಲೆ ದೂರು ಬಂದಿದೆಯೋ ಅವರೇ ಸಮಿತಿಯಲ್ಲೂ ಇರುವ ಸಂದರ್ಭ ಹೀಗೆ ತಾನಾಗಿಯೇ ಒದಗುತ್ತದೆ. ಅತಿಥಿ ಉಪನ್ಯಾಸಕರ ಮೇಲೆ ದೂರು ಬಂದರೆ ಕಷ್ಟ ಬೇರೆ ಬಗೆಯದು: ವಿಚಾರಣೆಯ ಬದಲು ಮುಂದಿನ ವರ್ಷ ಅವರಿಗೆ ಕೆಲಸ ಸಿಗದಿರುವುದೇ ಶಿಕ್ಷೆಯಾಗಬಹುದು. ಕಾಯಂ ಅಧ್ಯಾಪಕರ ಮೇಲೆ ಶಿಸ್ತು ಕ್ರಮ ಕೈಗೊಳ್ಳುವ ಅಧಿಕಾರ ಪ್ರಾಂಶುಪಾಲರಿಗೆ ಇಲ್ಲ. ಅವರು ವರದಿ ಕಳಿಸಬಹುದು, ತೀರ್ಮಾನ ಇಲಾಖೆಯದು. ನಾಲ್ಕು ತಾಲ್ಲೂಕುಗಳಿಗೆ ಒಂದು ಪರಿಹಾರ ಕೈಯಳತೆಯಲ್ಲಿದೆ. ಹುಣಸೂರಿನ ಸಮಿತಿಗೆ ಪಿರಿಯಾಪಟ್ಟಣದ ಹಿರಿಯ ಅಧ್ಯಾಪಕರು, ಎಚ್.ಡಿ. ಕೋಟೆಯ ಸಮಿತಿಗೆ ಕೆ.ಆರ್. ನಗರದವರು ಬರುವಂತೆ ಮೈಸೂರಿನ ಪ್ರಾದೇಶಿಕ ಜಂಟಿ ನಿರ್ದೇಶಕರ ಕಚೇರಿ ಅದಲುಬದಲು ಏರ್ಪಾಡು ಮಾಡಿದರೆ ಹಿತಾಸಕ್ತಿಯ ಸಂಘರ್ಷ ಬಹಳಷ್ಟು ಕಡಿಮೆಯಾಗುತ್ತದೆ.

ಸಮಿತಿ ಸರಿಯಿದ್ದರೂ ದೂರು ಬಾರದಿರಲು ಒಂದು ಗಟ್ಟಿ ಕಾರಣವಿದೆ: ಆಂತರಿಕ ಅಂಕ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬಂದ ಪದವಿ ಪಠ್ಯಕ್ರಮದಲ್ಲಿ 100ಕ್ಕೆ 40 ಅಂಕಗಳು ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ ಸೇರಿದ್ದವು. 2024-25ರಿಂದ ರಾಜ್ಯವು ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮ ಬದಲಾದರೂ ಆಂತರಿಕ ಅಂಕ ಕೊಡುವ ಕೈ ಅದೇ. ಯಾರ ಪಾಠದ ಬಗ್ಗೆ ದೂರಬೇಕೋ ಅವರೇ ಅಂಕ ಕೊಡುವವರು. ಈ ಭಯ ಕಲ್ಪಿತವೆಂದು ತಳ್ಳಿಹಾಕುವಂತಿಲ್ಲ. ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ತಿದ್ದಿ ವಿದ್ಯಾರ್ಥಿಗೆ ತೋರಿಸಿ ಸಹಿ ಪಡೆಯುವುದು, ಅಂಕಪಟ್ಟಿಯನ್ನು ವಿಶ್ವವಿದ್ಯಾನಿಲಯಕ್ಕೆ ಕಳಿಸುವ ಮೊದಲು ಫಲಕದಲ್ಲಿ ಹಾಕಿ ಆಕ್ಷೇಪಣೆಗೆ ಎರಡು ಮೂರು ದಿನ ಬಿಡುವುದು ಇಂಥ ಸಣ್ಣ ಕ್ರಮಗಳು ಒಂದು ಸಮಿತಿ ಕೊಡುವುದಕ್ಕಿಂತ ಹೆಚ್ಚಿನ ಧೈರ್ಯ ಕೊಡುತ್ತವೆ.

ವಿದ್ಯಾರ್ಥಿ ಪ್ರತಿನಿಧಿಯ ಮಾತನ್ನೂ ಇಲ್ಲಿ ಹೇಳಬೇಕು. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ದಶಕಗಳಾಗಿವೆ. ಸಮಿತಿಯ ವಿದ್ಯಾರ್ಥಿ ಸದಸ್ಯರು ನಾಮಕರಣಗೊಂಡವರು, ಅದೂ ಆಹ್ವಾನಿತರಷ್ಟೇ. ರ‍್ಯಾಂಕ್ ಪಡೆದ ವಿದ್ಯಾರ್ಥಿನಿ ಒಳ್ಳೆಯ ಪ್ರತಿನಿಧಿಯಾಗಬಹುದು; ಆದರೆ ಹಾಜರಾತಿ ಕೊರತೆಯವನ ಕಷ್ಟ ಹೇಳಲು ಆ ಕಷ್ಟ ಗೊತ್ತಿರುವವರು ಬೇಕು.

ದೂರಿನ ಕಾಗದ ಹೇಗೆ ಚಲಿಸಬೇಕೆಂಬುದು ಕಚೇರಿಯ ಪದ್ಧತಿಯಲ್ಲೇ ಇದೆ. ಅರ್ಜಿಯ ಎರಡು ಪ್ರತಿ ತಯಾರಿಸಿ ಒಂದನ್ನು ಟಪಾಲು ಗುಮಾಸ್ತರಿಗೆ ಕೊಡಬೇಕು. ಇನ್ನೊಂದರ ಮೇಲೆ ಕಾಲೇಜಿನ ಮೊಹರು, ದಿನಾಂಕ, ವಹಿಯ ಕ್ರಮಸಂಖ್ಯೆ ಹಾಕಿಸಿಕೊಂಡು ತಾವೇ ಇಟ್ಟುಕೊಳ್ಳಬೇಕು. ತಾಲ್ಲೂಕು ಕಚೇರಿಯಲ್ಲಿ ಪಹಣಿಗೋ ಪಿಂಚಣಿಗೋ ಅರ್ಜಿ ಕೊಟ್ಟ ರೈತರಿಗೆ ಈ ಮೊಹರಿನ ಬೆಲೆ ಚೆನ್ನಾಗಿ ಗೊತ್ತು. ಅವರ ಮಕ್ಕಳು ಕಾಲೇಜಿನಲ್ಲಿ ಅದನ್ನು ಕೇಳಲು ಹಿಂಜರಿಯುತ್ತಾರೆ, ಗುರುಗಳ ಬಳಿ ಸ್ವೀಕೃತಿ ಕೇಳುವುದು ಅವಿನಯವೆಂದು ಭಾವಿಸಿ. ಗುರುಭಕ್ತಿಗೂ ಮೊಹರಿಗೂ ವೈರವಿಲ್ಲವೆಂದು ಹೇಳಿಕೊಡಬೇಕಾದವರು ಅಧ್ಯಾಪಕರೇ. ಮಾನ್ಯತೆಗಾಗಿ ಬರುವ ನ್ಯಾಕ್ ತಂಡವೂ ಕುಂದುಕೊರತೆ ವ್ಯವಸ್ಥೆಯ ದಾಖಲೆ ಕೇಳುತ್ತದೆ. ಆಗ ವರ್ಷವಿಡೀ ಯಾವ ದೂರೂ ಬಂದಿಲ್ಲ ಎಂಬ ನಡಾವಳಿಯನ್ನು ಹೆಮ್ಮೆಯಿಂದ ತೋರಿಸುವ ರೂಢಿ ಬೆಳೆದಿದೆ. ನೂರಾರು ವಿದ್ಯಾರ್ಥಿಗಳ ಕಾಲೇಜಿನಲ್ಲಿ ಒಂದೂ ದೂರು ಇಲ್ಲದಿರುವುದು ಸಮಾಧಾನದ ಲಕ್ಷಣವಲ್ಲ. ದೂರಿನ ಪೆಟ್ಟಿಗೆಯನ್ನು ಯಾರೂ ನಂಬಿಲ್ಲವೆಂದೇ ಅದರ ಅರ್ಥ.

ವಿದ್ಯಾರ್ಥಿವೇತನದ ದೂರುಗಳು ಸಮಿತಿಯ ವ್ಯಾಪ್ತಿಗೆ ಬಂದರೂ ಅದರ ಕೈಮೀರಿದವು. ಅರ್ಜಿ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ. ಮಂಜೂರಾತಿ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯಲ್ಲಿ. ಕಾಲೇಜು ಮಾಡಬಹುದಾದದ್ದು ತನ್ನ ಕಡೆಯ ದೃಢೀಕರಣವನ್ನು ತಡಮಾಡದಿರುವುದು ಮತ್ತು ಎಲ್ಲಿ ನಿಂತಿದೆಯೆಂದು ಲಿಖಿತವಾಗಿ ತಿಳಿಸುವುದು.

ರಾಜಿಗೆ ಒಪ್ಪಿಸಲಾಗದ ದೂರುಗಳು

ರ‍್ಯಾಗಿಂಗ್ ಮತ್ತು ಲೈಂಗಿಕ ಕಿರುಕುಳದ ದೂರುಗಳನ್ನು ಸಾಮಾನ್ಯ ಸಮಿತಿ ಮುಟ್ಟಬಾರದು. ಹಿಮಾಚಲ ಪ್ರದೇಶದ ವೈದ್ಯಕೀಯ ವಿದ್ಯಾರ್ಥಿ ಅಮನ್ ಕಾಚ್ರೂ 2009ರ ಮಾರ್ಚ್‌ನಲ್ಲಿ ರ‍್ಯಾಗಿಂಗಿಗೆ ಬಲಿಯಾದ ವರ್ಷವೇ ಯುಜಿಸಿ ವಿನಿಯಮಗಳು ಬಂದವು. ಪ್ರತಿ ವರ್ಷ ವಿದ್ಯಾರ್ಥಿ ಮತ್ತು ಪೋಷಕರಿಂದ ಮುಚ್ಚಳಿಕೆ. ಸಂಸ್ಥೆಯ ಮುಖ್ಯಸ್ಥರ ಅಧ್ಯಕ್ಷತೆಯಲ್ಲಿ ಪೊಲೀಸ್, ಕಂದಾಯ, ಪತ್ರಿಕೆ, ಸ್ವಯಂಸೇವಾ ಸಂಸ್ಥೆ, ಪೋಷಕರು, ವಿದ್ಯಾರ್ಥಿಗಳ ಪ್ರತಿನಿಧಿಗಳಿರುವ ಸಮಿತಿ. 1800-180-5522 ಎಂಬ ಉಚಿತ ಸಹಾಯವಾಣಿ. ಅಪರಾಧದ ಸ್ವರೂಪವಿದ್ದರೆ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಪೊಲೀಸರಿಗೆ ದೂರು ಹೋಗಬೇಕು. ಈ ಸೀಮೆಗೆ ಮುಖ್ಯವಾದ ಒಂದು ಮಾತು ಆ ವಿನಿಯಮಗಳ ವ್ಯಾಪ್ತಿಯಲ್ಲಿದೆ: ಆವರಣದ ಹೊರಗಿನ ವಸತಿಗೂ, ವಿದ್ಯಾರ್ಥಿಗಳು ಓದಿಗಾಗಿ ಬಳಸುವ ಸಾರ್ವಜನಿಕ, ಖಾಸಗಿ ವಾಹನಗಳಿಗೂ ಅವು ಅನ್ವಯಿಸುತ್ತವೆ. ಹಳ್ಳಿಯಿಂದ ಪಟ್ಟಣಕ್ಕೆ ಬರುವ ಕೆಎಸ್‌ಆರ್‌ಟಿಸಿ ಬಸ್ಸಿನ ಹಿಂದಿನ ಸೀಟುಗಳಲ್ಲಿ ನಡೆದದ್ದನ್ನೂ ಕಾಲೇಜು ಹೊರಗಿನ ವಿಷಯವೆಂದು ಕೈತೊಳೆದುಕೊಳ್ಳುವಂತಿಲ್ಲ. ಹಾಸ್ಟೆಲ್‌ಗಳು ಕಲ್ಯಾಣ ಇಲಾಖೆಗಳ ಅಧೀನದಲ್ಲಿದ್ದರೂ ಅಲ್ಲಿನ ರ‍್ಯಾಗಿಂಗ್ ಬಗ್ಗೆ ವಾರ್ಡನ್ ಮತ್ತು ಪ್ರಾಂಶುಪಾಲರು ಇಬ್ಬರೂ ಹೊಣೆಗಾರರು.

ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಮತ್ತು 2015ರ ಯುಜಿಸಿ ವಿನಿಯಮಗಳ ಆಂತರಿಕ ದೂರು ಸಮಿತಿಯಿದೆ. ಹಿರಿಯ ಅಧ್ಯಾಪಕಿ ಅಧ್ಯಕ್ಷರು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಹೊರಗಿನವರೊಬ್ಬರು ಕಡ್ಡಾಯ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಮೂವರು ವಿದ್ಯಾರ್ಥಿ ಸದಸ್ಯರು. ಘಟನೆಯ ಮೂರು ತಿಂಗಳೊಳಗೆ ದೂರು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆಗೆ 90 ದಿನ. ದೂರುದಾರರು ತಾವಾಗಿ ಬಯಸಿದರೆ ಸಂಧಾನಕ್ಕೆ ಅವಕಾಶವಿದೆ, ಆದರೆ ಹಣ ಅದಕ್ಕೆ ಆಧಾರವಾಗಬಾರದು. ಹಳ್ಳಿಗಳಲ್ಲಿ ಇಂಥ ವಿಷಯ ಕಾಲೇಜು ತಲುಪುವ ಮೊದಲೇ ಎರಡೂ ಮನೆಯ ಹಿರಿಯರು ಕೂತು ರಾಜಿ ಪಂಚಾಯಿತಿ ಮಾಡುತ್ತಾರೆ. ಅದರ ಕೊನೆ ಎಷ್ಟೋ ಬಾರಿ ಹುಡುಗಿಯ ಓದು ನಿಲ್ಲುವುದರಲ್ಲಿ. ರಾಜಿಯಾಗಿದೆ ಎಂಬ ಮಾತನ್ನು ಒಪ್ಪಿ ಕಾಲೇಜು ಕಡತ ಮುಚ್ಚಿದರೆ ಅದು ಕಾನೂನಿಗೂ ಆ ಮಗುವಿಗೂ ಮಾಡಿದ ದ್ರೋಹ. ಮೊದಲ ವರ್ಷಕ್ಕೆ ಸೇರುವ ಕೆಲವರಿಗೆ ಹದಿನೆಂಟು ತುಂಬಿರುವುದಿಲ್ಲ. ಅವರ ವಿಷಯದಲ್ಲಿ 2012ರ ಪೋಕ್ಸೊ ಕಾಯ್ದೆ ಅನ್ವಯಿಸಿ, ಪೊಲೀಸರಿಗೆ ತಿಳಿಸುವುದು ಕಡ್ಡಾಯವಾಗುತ್ತದೆ. ಜಾತಿನಿಂದನೆಯ ದೂರುಗಳಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ದಾರಿ ಬೇರೆಯಾಗಿಯೇ ಇದೆ.

ಮೇಲ್ಮನವಿಯ ದಾರಿಗಳು

ರ‍್ಯಾಗಿಂಗ್ ತಡೆ ಸಮಿತಿಯ ಶಿಕ್ಷೆಯ ಮೇಲೆ ಸಂಯೋಜಿತ ಕಾಲೇಜಿನ ವಿದ್ಯಾರ್ಥಿ ವಿಶ್ವವಿದ್ಯಾನಿಲಯದ ಕುಲಪತಿಗೆ ಮೇಲ್ಮನವಿ ಸಲ್ಲಿಸಬಹುದು. ಆಂತರಿಕ ದೂರು ಸಮಿತಿಯ ವಿಷಯದಲ್ಲಿ 30 ದಿನದೊಳಗೆ ಸಂಸ್ಥೆಯ ಕಾರ್ಯನಿರ್ವಾಹಕ ಪ್ರಾಧಿಕಾರಕ್ಕೆ. ಕುಂದುಕೊರತೆ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 15 ದಿನದೊಳಗೆ ವಿಶ್ವವಿದ್ಯಾನಿಲಯದ ಓಂಬುಡ್ಸ್‌ಪರ್ಸನ್‌ಗೆ. ಈ ಹುದ್ದೆಗೆ ನಿವೃತ್ತ ಕುಲಪತಿ, ಅನುಭವಿ ನಿವೃತ್ತ ಪ್ರಾಧ್ಯಾಪಕರು ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಅರ್ಹರು. ಅವಧಿ ಮೂರು ವರ್ಷ ಅಥವಾ 70 ವಯಸ್ಸಿನವರೆಗೆ. ಮನವಿ ಬಂದ 30 ದಿನದೊಳಗೆ ಬಗೆಹರಿಸಲು ಯತ್ನಿಸಬೇಕು. ಇಂಥವರನ್ನು ನೇಮಿಸದ 157 ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಯುಜಿಸಿ 2024ರಲ್ಲಿ ಪ್ರಕಟಿಸಿತು ಎಂಬುದೇ ದೇಶದಲ್ಲಿ ಈ ಹುದ್ದೆಗೆ ಸಿಕ್ಕ ಗಮನವನ್ನು ಹೇಳುತ್ತದೆ. ವಿದ್ಯಾರ್ಥಿ ತಾನೇ ಹಾಜರಾಗಬಹುದು ಅಥವಾ ಪ್ರತಿನಿಧಿಯನ್ನು ಕಳಿಸಬಹುದು. ಹಾಡಿಯಿಂದ ಎಚ್.ಡಿ. ಕೋಟೆಗೆ, ಅಲ್ಲಿಂದ ಮೈಸೂರಿಗೆ ಬಸ್ ಬದಲಿಸಿ ಬರುವವರಿಗೆ ಕಾಲೇಜಿನ ಗಣಕಯಂತ್ರದಲ್ಲೇ ವಿಡಿಯೊ ಮೂಲಕ ವಿಚಾರಣೆಯ ಅನುಕೂಲ ಮಾಡಿಕೊಡುವುದು ದುಬಾರಿಯಲ್ಲ.

ಅಂಕಗಳ ತಕರಾರು ಓಂಬುಡ್ಸ್‌ಪರ್ಸನ್ ಮುಂದೆ ನಿಲ್ಲುವುದು ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯ ತೋರಿಸಿದಾಗ ಮಾತ್ರ. ಉಳಿದಂತೆ ಮರುಎಣಿಕೆ, ಮರುಮೌಲ್ಯಮಾಪನದ ಅರ್ಜಿಗಳು ಪರೀಕ್ಷಾಂಗದ ಕುಲಸಚಿವರ ಕಚೇರಿಗೆ. 2021-22ರಿಂದ ಪ್ರವೇಶ, ಪರೀಕ್ಷೆ, ಫಲಿತಾಂಶ ಎಲ್ಲವೂ ರಾಜ್ಯದ ವಿಶ್ವವಿದ್ಯಾನಿಲಯ ಮತ್ತು ಕಾಲೇಜುಗಳ ಏಕೀಕೃತ ನಿರ್ವಹಣೆಯ ಯುಯುಸಿಎಂಎಸ್ ತಂತ್ರಾಂಶಕ್ಕೆ ಹೋದ ಮೇಲೆ ಕಾಲೇಜು ಕಳಿಸಿದ ಅಂಕ ಫಲಿತಾಂಶದಲ್ಲಿ ಕಾಣದಿರುವುದು, ಹೆಸರಿನ ಅಕ್ಷರ ತಪ್ಪಾಗಿರುವುದು ಮುಂತಾದ ದೂರುಗಳು ಹೊಸದಾಗಿ ಸೇರಿಕೊಂಡಿವೆ. ಇಲ್ಲಿ ಕಾಲೇಜಿನಲ್ಲಿರುವ ಮೂಲ ಅಂಕಪಟ್ಟಿಯ ದೃಢೀಕೃತ ನಕಲೇ ವಿದ್ಯಾರ್ಥಿಗೆ ಆಸರೆ. ಉತ್ತರ ಪತ್ರಿಕೆ ನೋಡಲು ಮಾಹಿತಿ ಹಕ್ಕು ಕಾಯ್ದೆಯ ದಾರಿಯೂ ಇದೆ. 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಿದ್ದಿದ ಉತ್ತರ ಪತ್ರಿಕೆಯನ್ನು ಪರಿಶೀಲಿಸುವ ಹಕ್ಕನ್ನು ಎತ್ತಿಹಿಡಿದಿದೆ. ಅರ್ಜಿಗೆ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ; ಉತ್ತರಕ್ಕೆ 30 ದಿನ.

ಕೊನೆಯದು ಹೈಕೋರ್ಟಿನ ರಿಟ್ ಅರ್ಜಿ. ಅಧ್ಯಾಪಕರ ನೇಮಕದ ಕುರಿತ ಮೈಸೂರು ವಿಶ್ವವಿದ್ಯಾನಿಲಯ ಮತ್ತು ಸಿ.ಡಿ. ಗೋವಿಂದರಾವ್ ನಡುವಣ ಹಳೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶೈಕ್ಷಣಿಕ ತಜ್ಞರ ಅಭಿಪ್ರಾಯದಲ್ಲಿ ನ್ಯಾಯಾಲಯಗಳು ಸುಲಭವಾಗಿ ಕೈಹಾಕಬಾರದೆಂದು ಹೇಳಿತು. ಆ ಮಾತು ಇಂದಿಗೂ ನಡೆಯುತ್ತಿದೆ. ಎಷ್ಟು ಅಂಕ ಬರಬೇಕಿತ್ತು ಎಂಬುದನ್ನು ಹೈಕೋರ್ಟ್ ಸಾಮಾನ್ಯವಾಗಿ ಕೇಳುವುದಿಲ್ಲ. ಆರೋಪ ತಿಳಿಸಿದರೇ, ಉತ್ತರ ಪಡೆದರೇ, ಆದೇಶದಲ್ಲಿ ಕಾರಣಗಳಿವೆಯೇ ಎಂದು ಕೇಳುತ್ತದೆ. ವಕೀಲರ ಖರ್ಚು ಭರಿಸಲಾಗದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ನೆರವಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ ಅದು ಉಚಿತ. ನೆರವಿನ ಅರ್ಜಿಯನ್ನು ಬೆಂಗಳೂರಿಗೆ ಒಯ್ಯಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ನ್ಯಾಯಾಲಯ ಆವರಣಗಳಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿಯಲ್ಲೇ ಕೊಡಬಹುದು. ಅಲ್ಲಿ ಕುಳಿತ ವಕೀಲರು ಮೊದಲು ಕೇಳುವುದು ಕಾಲೇಜು ಕೊಟ್ಟ ಆದೇಶದ ಪ್ರತಿಯನ್ನು, ಅದು ಇಲ್ಲದಿದ್ದರೆ ಮೊಹರು ಬಿದ್ದ ದೂರಿನ ನಕಲನ್ನು.